ಹಳ್ಳಗಳಿಗೂ ಬೇಕು ಕಣ್ಗಾವಲು

ಕೃಷ್ಣೆಯ ಪ್ರವಾಹ ತಕ್ಕಮಟ್ಟಿಗೆ ಹೇಳಿಯೇ ಬರುತ್ತದೆ. ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜ್ ದಾಟಿ ಎಷ್ಟು ಕ್ಯುಸೆಕ್ ಬರುತ್ತಿದೆ ಎಂಬ ಲೆಕ್ಕ ಚಿಕ್ಕೋಡಿ, ಅಥಣಿ ಕಡೆಯ ನದಿತೀರದವರ ಬಾಯಲ್ಲೇ ಇರುತ್ತದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ, ಜಲಾಶಯಗಳಲ್ಲಿ ಎಂಜಿನಿಯರುಗಳಿದ್ದಾರೆ. ಈ ವ್ಯವಸ್ಥೆಗೂ ಮಿತಿಯಿದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಅದನ್ನು ಅನುಭವಿಸಿವೆ. ಆದರೂ ದನಕರು ಹೊಡೆದುಕೊಂಡು ದಿಬ್ಬ ಸೇರಲು ಒಂದಿಷ್ಟು ಹೊತ್ತು ಸಿಗುತ್ತದೆ. ಬೆಣ್ಣಿಹಳ್ಳದ ದಂಡೆಯವರಿಗೆ ಆ ಹೊತ್ತೂ ಇಲ್ಲ.

ಶಿಗ್ಗಾವಿ ಭಾಗದಲ್ಲಿ ಹುಟ್ಟಿ ಎರೆಭೂಮಿಯನ್ನು ಹಾದು ಮಲಪ್ರಭೆ ಸೇರುವ ಈ ಹಳ್ಳಕ್ಕೆ ನೀರು ತಡೆದು ಬಿಡುವ ದೊಡ್ಡ ಅಣೆಕಟ್ಟೆ ಇಲ್ಲ. ಮೇಲ್ಭಾಗದಲ್ಲಿ ಜೋರು ಮಳೆಯಾದರೆ ನವಲಗುಂದ, ರೋಣದ ಕಡೆ ಹನಿ ಬೀಳದಿದ್ದರೂ ‘ಹಳ್ಳ ಬಂತು’ ಎಂಬ ಕೂಗು ಏಳುತ್ತದೆ. ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿ ಹೊಲಕ್ಕೆ ಹೋದವರು ಸಂಜೆ ಎತ್ತುಗಳೊಂದಿಗೆ ಆಚೆ ದಡದಲ್ಲೇ ಸಿಕ್ಕಿಕೊಳ್ಳುತ್ತಾರೆ. ಅವರನ್ನು ಬೋಟಿನಲ್ಲಿ ಕರೆತಂದ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರಿನ ಮಟ್ಟ ಅಳೆಯುವ, ಕಡಿಮೆ ವಿದ್ಯುತ್ತಿನ ನಿಸ್ತಂತು ಸಂವೇದಕಗಳಿಗೆ ಸರ್ಕಾರ ಹಣ ಹಾಕುವುದಾದರೆ ಮೊದಲು ಹಾಕಬೇಕಾದದ್ದು ಇಂಥ ಹಳ್ಳಗಳಿಗೆ.

ಮಳೆ ಅಳೆಯುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಆದರೆ ಮಳೆಯ ಮಿಲಿಮೀಟರ್ ನೋಡಿ ಹಳ್ಳದ ಮಟ್ಟ ಹೇಳಲಾಗದು. ಜೂನ್ ಆರಂಭದಲ್ಲಿ ಬಿರುಕು ಬಿಟ್ಟ ಎರೆಹೊಲ ದೊಡ್ಡ ಮಳೆಯನ್ನೂ ಕುಡಿದುಬಿಡುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅದೇ ಮಣ್ಣು ನೆನೆದು ಉಬ್ಬಿ, ಬಿರುಕು ಮುಚ್ಚಿಕೊಂಡಿರುತ್ತದೆ. ಆಗ ಜೂನ್‌ನ ಮಳೆಯ ಅರ್ಧದಷ್ಟು ಬಿದ್ದರೂ ನೀರೆಲ್ಲ ಹಳ್ಳಕ್ಕೆ ಇಳಿಯಬಹುದು. ಆದ್ದರಿಂದ ಹಳ್ಳದಲ್ಲೇ ನೀರನ್ನು ಅಳೆಯಬೇಕು.

ಅದು ಈಗ ದುಬಾರಿ ಕೆಲಸವಲ್ಲ. ಸೇತುವೆಯ ಬದಿಗೆ ಕಟ್ಟಿದ ಅಂಗೈಯಗಲದ ಪೆಟ್ಟಿಗೆಯೊಂದು ಕೆಳಕ್ಕೆ ಶಬ್ದದ ಅಥವಾ ರೇಡಾರ್ ತರಂಗ ಬಿಟ್ಟು, ಅದು ನೀರಿಗೆ ತಾಗಿ ಮರಳುವ ಸಮಯದಿಂದ ಮಟ್ಟ ಲೆಕ್ಕ ಹಾಕುತ್ತದೆ. ‘ಲೋರಾ’ ಎಂಬ ಕಡಿಮೆ ವಿದ್ಯುತ್ತಿನ ರೇಡಿಯೊ ಆ ಅಂಕಿಯನ್ನು ಕೆಲವೇ ಬೈಟ್‌ಗಳಲ್ಲಿ ಹಲವು ಕಿಲೋಮೀಟರ್ ದೂರಕ್ಕೆ ಕಳಿಸುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರಕ್ಕೆ ಲೈಸೆನ್ಸ್ ಬೇಕಿಲ್ಲ. ಮರ, ಗುಡ್ಡ ಕಡಿಮೆ ಇರುವ ಎರೆಬಯಲು ಈ ರೇಡಿಯೊಗೆ ಹೇಳಿ ಮಾಡಿಸಿದ ನೆಲ. ಹದಿನೈದು ನಿಮಿಷಕ್ಕೊಮ್ಮೆ ಎಚ್ಚೆತ್ತು ಅಳೆದು ಮತ್ತೆ ಮಲಗುವ ಸಾಧನಕ್ಕೆ ಒಂದು ಬ್ಯಾಟರಿ ವರ್ಷಗಟ್ಟಲೆ ಸಾಕು. ನೀರು ಏರತೊಡಗಿದರೆ ಅದು ತಾನಾಗಿ ನಿಮಿಷಕ್ಕೊಮ್ಮೆ ವರದಿ ಕೊಡುವಂತೆಯೂ ಮಾಡಬಹುದು.

ತೊಂದರೆ ಇರುವುದು ಆಮೇಲಿನ ಹಂತದಲ್ಲಿ. ಸಂವೇದಕದ ಬಾಯಿಗೆ ಜೇಡ ಬಲೆ ಕಟ್ಟಿದರೆ ಸುಳ್ಳು ಅಂಕಿ ಬರುತ್ತದೆ. ತೇಲಿ ಬಂದ ಜಾಲಿಕಂಟಿ ಕೆಳಗೆ ಸಿಕ್ಕಿಕೊಂಡರೆ ಅದನ್ನೇ ನೀರೆಂದು ಓದುತ್ತದೆ. ಸೇತುವೆಯೇ ಮುಳುಗುವ ಕಡೆ ಪೆಟ್ಟಿಗೆಯನ್ನು ಎತ್ತರದ ಕಂಬಕ್ಕೆ ಕಟ್ಟದಿದ್ದರೆ, ಬೇಕಾದ ಗಳಿಗೆಯಲ್ಲೇ ಅದು ಮುಳುಗಿಹೋಗುತ್ತದೆ. ಇದಕ್ಕಿಂತ ದೊಡ್ಡ ದೋಷವನ್ನು ನಾವೇ ವಿನ್ಯಾಸದಲ್ಲಿ ತಂದಿಟ್ಟುಕೊಳ್ಳುತ್ತೇವೆ: ಸಂಕೇತವನ್ನೆಲ್ಲ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಸರ್ವರ್‌ಗೆ ಕಳಿಸಿ, ಅಲ್ಲಿಂದ ಊರಿಗೆ ಎಸ್‌ಎಂಎಸ್ ತರಿಸುವುದು. ಭಾರಿ ಮಳೆಯ ರಾತ್ರಿ ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ಟವರ್ ಕೂಡ ಸುಮ್ಮನಾಗುತ್ತದೆ. ಪಂಚಾಯಿತಿ ಕಟ್ಟಡದ ಮೇಲಿನ ರಿಸೀವರ್ ಯಾವ ಸರ್ವರನ್ನೂ ಕೇಳದೆ, ಸೋಲಾರ್ ಬ್ಯಾಟರಿಯ ಬಲದಲ್ಲಿ ನೇರವಾಗಿ ಸೈರನ್ ಊದುವಂತಿರಬೇಕು. ಅಂಕಿ ಬೆಂಗಳೂರಿಗೆ ನಿಧಾನವಾಗಿ ಹೋದರೂ ನಡೆಯುತ್ತದೆ.

ಅಸ್ಸಾಂನ ಧೇಮಾಜಿ ಜಿಲ್ಲೆಯ ಜಿಯಾಧಲ್ ನದಿಯ ಮೇಲೆ ಪರ್ವತ ಪ್ರದೇಶಗಳ ಅಭಿವೃದ್ಧಿಗಾಗಿ ಇರುವ ‘ಇಸಿಮೋಡ್’ ಸಂಸ್ಥೆಯೂ ‘ಆರಣ್ಯಕ್’ ಎಂಬ ಸ್ವಯಂಸೇವಾ ಸಂಸ್ಥೆಯೂ ನಡೆಸಿದ ಪ್ರಯೋಗದ ಹೂರಣ ಇದೇ. ಮೇಲ್ಭಾಗದಲ್ಲಿ ನೀರು ಅಪಾಯದ ಗುರುತು ಮುಟ್ಟಿದರೆ ಹತ್ತಿರದ ಮನೆಯೊಂದರಲ್ಲಿ ಎಚ್ಚರಿಕೆ ಮೊಳಗುತ್ತದೆ. ಆ ಮನೆಯವರು ಕೆಳಗಿನ ಊರುಗಳಿಗೆ ಫೋನ್ ಮಾಡುತ್ತಾರೆ. ಅಲ್ಲಿ ಯಂತ್ರಕ್ಕೊಬ್ಬ ಯಜಮಾನನಿದ್ದಾನೆ. ನಮ್ಮಲ್ಲಿ ಆ ಜಾಗಕ್ಕೆ ನೀರಗಂಟಿ ಇದ್ದಾನೆ. ದಿನವೂ ವಾಲ್ವ್ ತಿರುಗಿಸುವ ಆತನಿಗೆ ಊರಿನ ತಗ್ಗು ದಿಬ್ಬವೆಲ್ಲ ಗೊತ್ತು, ಊರಿನವರಿಗೆ ಆತ ಗೊತ್ತು. ಆತನಿಗೆ ತರಬೇತಿ ಕೊಟ್ಟು, ಮಳೆಗಾಲದ ನಾಲ್ಕು ತಿಂಗಳಿಗೆ ಪ್ರತ್ಯೇಕ ಗೌರವಧನ ಕೊಡಬೇಕು. ಬಿಟ್ಟಿ ಕೆಲಸದ ಮೇಲೆ ಜೀವರಕ್ಷಣೆಯನ್ನು ನಿಲ್ಲಿಸುವುದು ನ್ಯಾಯವಲ್ಲ.

ಅಪಾಯದ ಮಟ್ಟವನ್ನೂ ಮೀಟರ್‌ನಲ್ಲಿ ಹೇಳಿದರೆ ಯಾರಿಗೂ ತಟ್ಟದು. ಮೇಲಿನ ಸೇತುವೆಯಲ್ಲಿ ಇಷ್ಟು ನೀರಾದರೆ ನಮ್ಮೂರ ಗುಡಿಯ ಕಟ್ಟೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದು ಬೇಕು. ಅದನ್ನು 2009 ಮತ್ತು 2019ರ ನೀರನ್ನು ಕಂಡ ಹಿರಿಯರನ್ನು ಕೂರಿಸಿಕೊಂಡೇ ನಿಗದಿ ಮಾಡಬೇಕು. ಗುರುತು ತೀರಾ ಕೆಳಗಿದ್ದರೆ ಸೈರನ್ ಪದೇ ಪದೇ ಕೂಗುತ್ತದೆ. ಒಂದೆರಡು ಸಲ ಸುಳ್ಳಾದ ಮೇಲೆ ಜನ ಹಾಸಿಗೆಯಿಂದ ಏಳುವುದಿಲ್ಲ.

ಹಣಕ್ಕೆ ದಾರಿಯಿದೆ. ರಾಜ್ಯದ ವಿಪತ್ತು ನಿಧಿಯ ಶೇ 20ರಷ್ಟು ಪಾಲನ್ನು ವಿಪತ್ತು ತಗ್ಗಿಸುವ ಕೆಲಸಕ್ಕೇ ಮೀಸಲಿಡಲು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಆದರೆ ಟೆಂಡರ್ ಸಾಧನದ ಖರೀದಿಗಷ್ಟೇ ಸೀಮಿತವಾದರೆ, ಉದ್ಘಾಟನೆಯಾದ ಮೂರನೇ ವರ್ಷಕ್ಕೆ ಕಂಬ ಮಾತ್ರ ನಿಂತಿರುತ್ತದೆ. ಐದು ವರ್ಷದ ನಿರ್ವಹಣೆ, ಬದಲಿ ಬ್ಯಾಟರಿ, ಪ್ರತಿ ಮೇ ತಿಂಗಳಲ್ಲಿ ಸಂವೇದಕ ಒರೆಸಿ ಸೈರನ್ ಊದಿ ನೋಡುವ ಅಣಕು ಕಾರ್ಯಾಚರಣೆ, ಇಷ್ಟೂ ಅದೇ ಟೆಂಡರ್‌ನಲ್ಲಿರಬೇಕು. ಸೈರನ್ ಕೂಗದಿದ್ದರೆ ಬಿಲ್ ತಡೆಯುವ ಅಧಿಕಾರ ಜಿಲ್ಲಾ ಕಚೇರಿಯ ಬದಲು ಆ ಊರಿನ ಪಂಚಾಯಿತಿಗೇ ಇರಲಿ.