ಮೊದಲು ತಂತಿ, ಆಮೇಲೆ ತಟ್ಟೆ

ಕಳೆದ ವಾರ ನನ್ನ ತಂಗಿಯ ಮೊಮ್ಮಗ ದೂರವಾಣಿ ಮಾಡಿ, ತಾನು ಕೊಂಡ ಹಳೆಯ ಬೈಕಿನ ಕ್ಲಚ್ಚು ಜಾರುತ್ತಿದೆ, ಎಂಜಿನ್ ಬಿಚ್ಚಿಸಲೇ ಎಂದು ಕೇಳಿದ. ಬಿಚ್ಚಿಸುವುದು ಕಡೆಯ ಕೆಲಸ, ಮೊದಲನೆಯದಲ್ಲ ಎಂದೆ. ಹಾಗೆ ಹೇಳುವ ಅಧಿಕಾರ ನನಗೆ ಬಂದದ್ದು ಬಿಸಿಲೆ ಘಾಟಿಯಲ್ಲಿ ಪಟ್ಟ ಪಾಡಿನಿಂದ.

1999ರ ಮಾತು. ನಲವತ್ತು ದಾಟಿದ ಮೇಲೆ ಬೈಕು ಕಲಿತವನು ನಾನು. ಕ್ಲಚ್ಚಿನ ಹಿಡಿ ಸ್ವಲ್ಪ ಸಡಿಲವಾಗಿದ್ದುದು ಮನಸ್ಸಿಗೆ ಒಗ್ಗದೆ, ಅದರ ಕೇಬಲ್ಲನ್ನು ತಂಬೂರಿಯ ತಂತಿಯಂತೆ ಬಿಗಿದಿದ್ದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಲ್ಕುಂದದ ಮೂಲಕ ಹಿಂದಿರುಗುವಾಗ, ಕಾಡಿನ ನಡುವಿನ ಏರಿನಲ್ಲಿ ಎಂಜಿನ್ ಆರ್ಭಟಿಸಿತು, ಬೈಕು ಮಾತ್ರ ತೆವಳಿತು. ಸುಟ್ಟ ವಾಸನೆಯೂ ಬಂದಿತು. ದಾರಿಹೋಕರೊಬ್ಬರು ‘ಪ್ಲೇಟು ಹೋಗಿದೆ ಮೇಷ್ಟ್ರೇ’ ಎಂದು ತೀರ್ಪಿತ್ತರು. ಸಂಬಳಕ್ಕೆ ಇನ್ನೂ ಹನ್ನೆರಡು ದಿನಗಳಿದ್ದವು.

ಅಷ್ಟರಲ್ಲಿ ಮೇಲಿನಿಂದ ಬಂದ ಜೀಪಿನಿಂದ ಕನ್ನಡಕ ತೊಟ್ಟ ಯುವಕನೊಬ್ಬ ಇಳಿದು ನಮಸ್ಕರಿಸಿದ. ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜು ಸೇರಿದ್ದ. ಅವನು ಎಂಜಿನ್ನಿನ ಕಡೆ ನೋಡಲೇ ಇಲ್ಲ. ಹಿಡಿಯನ್ನು ಬೆರಳಿನಿಂದ ಮುಟ್ಟಿ, ‘ಸರ್, ಇದಕ್ಕೆ ಆಟವೇ ಇಲ್ಲವಲ್ಲ’ ಎಂದ. ಬಿಗಿದ ತಿರುಪನ್ನು ಸಡಿಲಿಸಿದ. ಅರ್ಧ ಗಂಟೆ ತಣಿಯಲು ಬಿಟ್ಟ ಮೇಲೆ ಬೈಕು ಘಾಟಿ ಹತ್ತಿತು. ಅದೇ ಪ್ಲೇಟುಗಳು ಮುಂದೆ ಎರಡು ವರ್ಷ ನಡೆದವು.

ಕಾರಣ ಸರಳ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು ಸ್ಪ್ರಿಂಗುಗಳು ಒತ್ತಿಹಿಡಿದ ತಟ್ಟೆಗಳ ಘರ್ಷಣೆಯಿಂದ. ಹಿಡಿಯನ್ನು ಎಳೆದರೆ ಆ ಒತ್ತಡ ಸಡಿಲುತ್ತದೆ. ಕೇಬಲ್ ಸದಾ ಬಿಗಿಯಾಗಿದ್ದರೆ, ನಾವು ಹಿಡಿಯನ್ನು ಸದಾ ಅರ್ಧ ಎಳೆದಂತೆಯೇ. ತಟ್ಟೆಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ, ಸವೆಯುತ್ತವೆ.

ಆದ್ದರಿಂದ ಹೊಸಬರು ಈ ಕ್ರಮವನ್ನು ಬಿಡಬಾರದು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಅದು ಜಾರುವಿಕೆ. ಎಂಜಿನ್ ನಿಲ್ಲಿಸಿ, ಹಿಡಿಯ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಆಟವಿದೆಯೇ ನೋಡಿ. ಬಹುತೇಕ ಬೈಕುಗಳಿಗೆ ಅಷ್ಟು ಬೇಕು. ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿದಾಗಲೂ ಅದು ಉಳಿಯಬೇಕು. ಆಟ ಅತಿಯಾದರೂ ತೊಂದರೆಯೇ: ಗೇರು ಕೂರದು. ಬಳಿಕ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಎಣ್ಣೆ. ನಾಲ್ಕು ಸ್ಟ್ರೋಕಿನ ಬಹುತೇಕ ಬೈಕುಗಳಲ್ಲಿ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ಅಂಶಗಳಿರುವ ಕಾರಿನ ಎಣ್ಣೆ ಹಾಕಿದರೆ ಅದು ಜಾರಬಹುದು. ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂಬ ಗುರುತಿರಲಿ. ಇಷ್ಟಾದರೂ ಜಾರಿದರೆ ಮಾತ್ರ ಬಿಚ್ಚಿಸಿ, ತಟ್ಟೆಗಳ ದಪ್ಪವನ್ನೂ ಸ್ಪ್ರಿಂಗಿನ ಉದ್ದವನ್ನೂ ಅಳೆಯಿಸಿ. ಘಾಟಿಯಲ್ಲಿ ಹಿಡಿಯ ಮೇಲೆ ಬೆರಳಿಟ್ಟುಕೊಂಡೇ ಓಡಿಸುವ ಚಾಳಿಯನ್ನಂತೂ ಬಿಡಿ.

ಆ ದಿನ ಹೊರಡುವ ಮುನ್ನ ಅವನನ್ನು ಕೇಳಿದೆ, ‘ಕನ್ನಡಕ ಯಾವಾಗಿನಿಂದ?’ ‘ಫೇಲಾದ ಮೇಲೆ ಸರ್. ಬೋರ್ಡು ಕಾಣುತ್ತಿರಲಿಲ್ಲ’ ಎಂದು ನಕ್ಕ. ನಾನು ನಗಲಾರದೆ ಹೋದೆ. ಅವನನ್ನು ಕಡೆಯ ಬೆಂಚಿಗೆ ಕಳಿಸಿದವನು ನಾನೇ. ಪ್ರಗತಿಪತ್ರದಲ್ಲಿ ‘ಗಮನವಿಲ್ಲ’ ಎಂದು ಬರೆದವನೂ ನಾನೇ. ಎರಡು ವರ್ಷಗಳಲ್ಲಿ ಒಂದು ದಿನವಾದರೂ, ‘ಕಾಣುತ್ತದೆಯೇ ಮಗು?’ ಎಂದು ಕೇಳಿರಲಿಲ್ಲ.

ಕ್ಷಮೆ ಕೇಳಿದೆ. ‘ಬಿಡಿ ಸರ್’ ಎಂದ. ಅವನು ದೊಡ್ಡ ಮನಸ್ಸಿನವನು. ಆದರೆ ಅವನು ಬಿಟ್ಟನೆಂದು ನನ್ನ ಲೆಕ್ಕ ಚುಕ್ತಾ ಆಗಲಿಲ್ಲ. ಅಲ್ಲಿಂದ ನಿವೃತ್ತನಾಗುವವರೆಗೆ ಪ್ರತಿ ಜೂನ್‌ನಲ್ಲಿ ನನ್ನ ಮೊದಲ ಪಾಠವೆಂದರೆ, ಹಿಂದಿನ ಸಾಲಿನ ಮಕ್ಕಳಿಂದ ಬೋರ್ಡು ಓದಿಸುವುದು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಬಹುತೇಕರು ತಂದೆತಾಯಂದಿರು. ಯಂತ್ರವಾಗಲಿ ಮಗುವಾಗಲಿ, ಒಳಗೇ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಹೊರಗಿನ ಚಿಕ್ಕ ಕಾರಣಗಳನ್ನು ಒಂದೊಂದಾಗಿ ನೋಡಿ ಮುಗಿಸಿರಿ ಎಂಬುದು ನನ್ನ ಕೋರಿಕೆ. ಬಿಗಿದದ್ದು ನಮ್ಮ ಕೈಯೇ ಆಗಿರಬಹುದು.