ನವರಾತ್ರಿಯ ಹೂವೂ ತುಡುವೆಯ ಸಂಸಾರವೂ

ಪಂಚಾಂಗದ ವಸಂತವು ಚೈತ್ರದಲ್ಲಿ ಕಾಲಿಡುವುದಾದರೂ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಪೆಟ್ಟಿಗೆಯೊಳಗೆ ಸಂಸಾರ ಹೂಡಿರುವ ತುಡುವೆ ಜೇನಿಗೆ ಹೊಸ ವರ್ಷವು ತೊಡಗುವುದು ಮಳೆ ಹಿಂದೆಗೆಯುವ ನವರಾತ್ರಿಯ ಆಸುಪಾಸಿನಲ್ಲಿ. ಆಟಿ ತಿಂಗಳಿನ ಎಡೆಬಿಡದ ವೃಷ್ಟಿಯಲ್ಲಿ ಹೊರಗೆ ಹಾರಲಾರದೆ, ಸಾಕುವವರು ಇಟ್ಟ ಸಕ್ಕರೆ ಪಾಕದಿಂದ ಪ್ರಾಣ ಹಿಡಿದುಕೊಂಡ ಕುಟುಂಬವು ಆ ವೇಳೆಗೆ ಕೃಶವಾಗಿರುತ್ತದೆ; ಪಾಕವು ಹಸಿವನ್ನು ನೀಗಬಲ್ಲುದೇ ಹೊರತು ಮರಿಹುಳುಗಳ ಪೋಷಣೆಗೆ ಅವಶ್ಯವಾದ ಪರಾಗದ ಸತ್ತ್ವವನ್ನು ಒದಗಿಸಲಾರದು. ತೆಂಗು ಅಡಿಕೆಗಳ ಹಿಂಗಾರದೊಡನೆ ಸೇರಿ ಆ ಕೊರತೆಯನ್ನು ತುಂಬುವವು ಹಿತ್ತಿಲಿನ ಸಣ್ಣಪುಟ್ಟ ಸಸ್ಯಗಳು: ಹುಣಿಯ (ಬದುವಿನ) ಮೇಲಣ ತುಂಬೆ, ಮುಟ್ಟಿದರೆ ಮುನಿ, ಅಂಗಳದ ತುಳಸಿ, ಕಾಮಕಸ್ತೂರಿ, ಬೇಲಿಗೆ ಹಬ್ಬಿದ ಗುಲಾಬಿವರ್ಣದ ಆಂಟಿಗೋನಾನ್ ಬಳ್ಳಿ.

ಮೊಟ್ಟೆಯು ನೊಣವಾಗಿ ಹೊರಬರಲು ಸುಮಾರು 20 ದಿನಗಳು ಬೇಕು; ಬಂದ ನೊಣವು ಗೂಡಿನೊಳಗಣ ಸೇವೆಯನ್ನು ಮುಗಿಸಿ ಹೂವಿನೆಡೆಗೆ ಹಾರಲು ಮತ್ತೆರಡು ಮೂರು ವಾರಗಳು ಸಲ್ಲುತ್ತವೆ. ಆದಕಾರಣ, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಎಲೆಯುದುರಿ ಹೊಸ ಚಿಗುರು ಬಂದು, ಆ ಎಳೆಯೆಲೆಗಳ ತೊಟ್ಟಿನಲ್ಲಿ ಮಕರಂದ ಒಸರುವ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಪೆಟ್ಟಿಗೆ ತುಂಬ ದುಡಿಯುವ ನೊಣಗಳಿರಬೇಕಾದರೆ, ರಾಣಿಯು ನವೆಂಬರಿನಲ್ಲಿಯೇ ಸಮೃದ್ಧವಾಗಿ ಮೊಟ್ಟೆಯಿಟ್ಟಿರಬೇಕು. ಅದಕ್ಕೆ ಅಕ್ಟೋಬರಿನ ಹೂವೇ ಆಧಾರ.

ನಾವಾದರೋ ಅದೇ ಅಕ್ಟೋಬರಿನಲ್ಲಿ, ಉದುರುವ ಹಣ್ಣಡಿಕೆಯು ಕಣ್ಣಿಗೆ ಬೀಳಲೆಂದು, ತೋಟದ ಬುಡದಿಂದ ಹುಣಿಯ ಅಂಚಿನವರೆಗೂ ಕಳೆನಾಶಕವನ್ನು ಸಿಂಪಡಿಸುತ್ತೇವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ತುಳಸಿಯನ್ನು ಕಟ್ಟೆಯೊಂದಕ್ಕೆ ಸೀಮಿತಗೊಳಿಸುತ್ತೇವೆ. ಬುಡವನ್ನು ಸವರುವುದು ನ್ಯಾಯವೇ. ಹುಣಿಯನ್ನೂ ಬೇಲಿಯನ್ನೂ ಸುಡುವುದು ಮಾತ್ರ ಅವಿವೇಕವೆಂದೇ ನನ್ನ ದೃಢವಾದ ಅಭಿಪ್ರಾಯ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವ್ಯಾಧಿಯು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ನಿರ್ನಾಮಗೊಳಿಸಿದ ಬಳಿಕ, ಕೃಷಿಕರು ವರ್ಷಾನುವರ್ಷ ಶ್ರಮಿಸಿ ಮರಳಿ ಕಟ್ಟಿದ ಸಂಪತ್ತು ಈ ಜೇನು ಸಂಸಾರ. ಆ ವ್ಯಾಧಿಯ ವೈರಾಣುವಿನಿಂದ ಉಳಿದುದನ್ನು ಉಪವಾಸಕ್ಕೆ ಒಪ್ಪಿಸಬಾರದು. ಶ್ರಾವಣದ ಚೂಡಿ ಪೂಜೆಗೆಂದು ಗರಿಕೆಯೊಡನೆ ಹಿತ್ತಿಲ ಹೂಗಳನ್ನು ಆಯ್ದು ಕಟ್ಟುವ ಕೊಂಕಣಿ ಮನೆಗಳ ತಾಯಂದಿರಿಗೆ ಈ ಗಿಡಗಳ ಪರಿಚಯವು ಇಂದಿಗೂ ಉಂಟು. ಅವರ ಅಂಗಳಗಳಲ್ಲಿ ಜೇನಿಗೂ ಪಾಲು ದೊರೆಯುತ್ತದೆ.

ಜೇನು ಪೆಟ್ಟಿಗೆಗೆ ಸಹಾಯಧನ ನೀಡುವ ತೋಟಗಾರಿಕೆ ಇಲಾಖೆಯು ಪ್ರತಿ ಪೆಟ್ಟಿಗೆಯೊಡನೆ ಆಂಟಿಗೋನಾನ್ ಬಳ್ಳಿಯ ಸಸಿಯನ್ನೂ ಹಿಡಿಯಷ್ಟು ಕಾಮಕಸ್ತೂರಿಯ ಬೀಜವನ್ನೂ ಕೊಡಲಿ. ಆಟಿ ಕಳೆಯುವಾಗ ಬಿತ್ತಿದ ಬೀಜವು ದೀಪಾವಳಿಯ ವೇಳೆಗೆ ತೆನೆ ಬಿಡುತ್ತದೆ. ಅಷ್ಟರತನಕ ಹುಣಿಯ ತುಂಬೆಯನ್ನು ಕೀಳದಿದ್ದರೆ ಸಾಕು.