ಅರ್ಧವಿರಾಮವೆಂಬ ಅರ್ಧಸತ್ಯ

ಮಲಾಡ್ ಪಶ್ಚಿಮದ ಲಿಂಕ್ ರೋಡ್ ಬದಿಯ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿ ಎಂದರೆ ಇಂಗ್ಲಿಷ್ ಬರೆಯುವ ಪಾಳಿ. ಬರೆಯುವವರಲ್ಲಿ ಮುಂಬಯಿ ಕನ್ನಡಿಗರೂ ಇದ್ದಾರೆ; ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು. ದೇಶದ ಯಾವ ಕಚೇರಿಯಲ್ಲಾದರೂ ಕಾಣಸಿಗುವ ಈ ವಾಕ್ಯ ಅಲ್ಲಿಯೂ ಮಾಮೂಲು: “ಆ್ಯಸ್ ಡಿಸ್ಕಸ್ಡ್ ಇನ್ ದ ಮೀಟಿಂಗ್; ವಿ ಆರ್ ಸೆಂಡಿಂಗ್ ದ ಫೈಲ್.” ಮೇಲಿನವರು ಸೆಮಿಕೋಲನ್ನಿಗೆ ಕೆಂಪು ಬಣ್ಣ ಬಳಿಯುತ್ತಾರೆ. ‘ಇಂಗ್ಲಿಷ್ ವೀಕು’ ಎಂಬ ಷರಾ ಬೀಳುತ್ತದೆ.

ಆದರೆ ಕನ್ನಡ ಮಾಧ್ಯಮದಲ್ಲಿ ಕಲಿತವರು ಇಲ್ಲಿ ತಪ್ಪಿದ್ದು ಪಾಠ ಮರೆತು ಅಲ್ಲ, ಪಾಠವನ್ನು ಚಾಚೂ ತಪ್ಪದೆ ಪಾಲಿಸಿ. ಶಾಲೆಯ ಕನ್ನಡ ವ್ಯಾಕರಣ ಹೇಳುವುದೇನು? ಪ್ರಧಾನ ವಾಕ್ಯಕ್ಕೆ ಅಧೀನವಾದ ಉಪವಾಕ್ಯಗಳು ಮುಗಿದಲ್ಲೆಲ್ಲ ಅರ್ಧವಿರಾಮ ಹಾಕಬೇಕು. ಮೇಲಿನ ಮೇಲ್‌ನಲ್ಲಿ ಆಗಿರುವುದು ಅದೇ. ಇಂಗ್ಲಿಷಿನ ನಿಯಮ ಇದಕ್ಕೆ ತದ್ವಿರುದ್ಧ. ಪಟ್ಟಿಗಳ ಮಾತು ಬಿಟ್ಟರೆ, ಸೆಮಿಕೋಲನ್ನಿನ ಎರಡೂ ಬದಿಗೆ ಸ್ವಂತ ಕಾಲ ಮೇಲೆ ನಿಲ್ಲುವ ಪೂರ್ಣ ವಾಕ್ಯ ಇರಬೇಕು. ಉಪವಾಕ್ಯದ ಕೊನೆಗೆ ಅಲ್ಲಿ ಸಲ್ಲುವುದು ಅಲ್ಪವಿರಾಮ. ಗುರುತು ಒಂದೇ, ಕೆಲಸ ಬೇರೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವವರಿಲ್ಲ.

ಕನ್ನಡಕ್ಕೆ ಈ ಗುರುತುಗಳ ಹಂಗೇ ಕಡಿಮೆ. ‘ಬಂದು, ಉಂಡು, ಮಲಗಿದ’ ಎನ್ನುವಲ್ಲಿ ಮೂರು ಕ್ರಿಯೆಗಳನ್ನು ಪೋಣಿಸುವುದು ಪ್ರತ್ಯಯ. ಇಂಗ್ಲಿಷಿನ ಕೋಲನ್ ಮಾಡುವ ಕೆಲಸವನ್ನು ಇಲ್ಲಿ ‘ಏನೆಂದರೆ’, ‘ಅಂದರೆ’ ಮಾಡುತ್ತವೆ. ಕನ್ನಡ ಪ್ರತ್ಯಯದಲ್ಲಿ, ಪದದಲ್ಲಿ ಹೇಳುವುದನ್ನು ಇಂಗ್ಲಿಷ್ ಎಷ್ಟೋ ಕಡೆ ಚುಕ್ಕೆಯಲ್ಲಿ ಹೇಳುತ್ತದೆ. ಹಾಗಾಗಿ ಅಲ್ಲಿ ಚುಕ್ಕೆ ಅಲಂಕಾರವಲ್ಲ, ವ್ಯಾಕರಣ. ‘ಉಸಿರು ತೆಗೆದುಕೊಳ್ಳುವಲ್ಲಿ ಹಾಕಿ’ ಎಂದು ಕಲಿಸುವುದು ವಿಭಕ್ತಿಯನ್ನು ರಾಗ ನೋಡಿ ಹಚ್ಚಿ ಎಂದಂತೆ.

‘ಅರ್ಥವಾದರೆ ಸಾಕಲ್ಲ, ಚುಕ್ಕೆಗೇಕೆ ಇಷ್ಟು ರಗಳೆ?’ ಎನ್ನುವವರು 1945ನ್ನು ನೆನೆಯಬೇಕು. ನಾಜಿ ನಾಯಕರ ವಿಚಾರಣೆಗೆಂದು ಆ ವರ್ಷದ ಆಗಸ್ಟ್ 8ರಂದು ಲಂಡನ್ನಿನಲ್ಲಿ ಸಹಿಯಾದ ನ್ಯೂರೆಂಬರ್ಗ್ ಸನ್ನದಿನ 6(ಸಿ) ವಿಧಿಯಲ್ಲಿ, ಮಾನವತೆಯ ವಿರುದ್ಧದ ಅಪರಾಧಗಳ ವ್ಯಾಖ್ಯೆಯ ನಡುವೆ, ಇಂಗ್ಲಿಷ್ ಮತ್ತು ಫ್ರೆಂಚ್ ಪಠ್ಯಗಳಲ್ಲಿ ಸೆಮಿಕೋಲನ್ ಇತ್ತು. ರಷ್ಯನ್ ಪಠ್ಯದಲ್ಲಿ ಅಲ್ಪವಿರಾಮ. ಸೆಮಿಕೋಲನ್ ಇದ್ದರೆ ಕೊಲೆ, ಗಡೀಪಾರುಗಳು ತಮ್ಮಷ್ಟಕ್ಕೇ ಅಪರಾಧ. ಅಲ್ಪವಿರಾಮ ಬಂದರೆ ಅವೂ ಯುದ್ಧಕ್ಕೆ ಸಂಬಂಧಿಸಿದ ಅಪರಾಧಗಳೊಂದಿಗೆ ತಳುಕು ಹಾಕಿಕೊಂಡಿರಬೇಕು. ಅಕ್ಟೋಬರ್ 6ರಂದು ಬರ್ಲಿನ್ನಿನಲ್ಲಿ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಸೆಮಿಕೋಲನ್ ತೆಗೆದು ಅಲ್ಪವಿರಾಮ ಹಾಕಿದರು. ಯುದ್ಧಕ್ಕೆ ಮೊದಲು ಜರ್ಮನಿಯೊಳಗೇ ಯಹೂದಿಗಳ ಮೇಲೆ ನಡೆದ ದೌರ್ಜನ್ಯವನ್ನು ಆ ಹೆಸರಿನಡಿ ಶಿಕ್ಷಿಸುವ ದಾರಿ ಕಿರಿದಾಯಿತು.

‘ಈಗ ಎಲ್ಲವನ್ನೂ ತಂತ್ರಾಂಶವೇ ತಿದ್ದುತ್ತದೆ’ ಎಂಬುದು ಇನ್ನೊಂದು ಸಮಾಧಾನ. ತಿದ್ದೀತು. ಆದರೆ ಎರಡು ಮಾತುಗಳ ನಡುವಿನ ಸಂಬಂಧ ಏನೆಂದು ಬರೆದವರಿಗೇ ಗೊತ್ತಿಲ್ಲದಿದ್ದರೆ, ತಿದ್ದಿದ್ದು ಸರಿಯೋ ತಪ್ಪೋ ಎಂದು ನೋಡುವವರು ಯಾರು?

ಕಲಿಸಲು ಬೇಕಾದದ್ದು ಎರಡು ಪರೀಕ್ಷೆ, ಹತ್ತು ನಿಮಿಷ. ಸೆಮಿಕೋಲನ್ ಜಾಗದಲ್ಲಿ ಪೂರ್ಣವಿರಾಮ ಇಟ್ಟು ನೋಡಿ. ಎರಡೂ ತುಂಡು ವಾಕ್ಯವಾಗಿ ನಿಂತರೆ ಸರಿ. ಕೋಲನ್ ಜಾಗದಲ್ಲಿ ‘ಏನೆಂದರೆ’ ಎಂದು ಓದಿ. ಎಡಬದಿ ಪೂರ್ಣ ವಾಕ್ಯವಾಗಿದ್ದು ಬಲಬದಿ ಅದನ್ನು ಬಿಡಿಸಿ ಹೇಳುವಂತಿದ್ದರೆ ಸರಿ. ‘ದ ಡಾಕ್ಯುಮೆಂಟ್ಸ್ ಆರ್:’ ಎಂದು ಕ್ರಿಯಾಪದದ ಬಾಲಕ್ಕೆ ಕೋಲನ್ ಕಟ್ಟುವ ಚಾಳಿ ಇದರಿಂದಲೇ ಬಿಟ್ಟುಹೋಗುತ್ತದೆ.

ಕನ್ನಡ ವ್ಯಾಕರಣ ತನ್ನ ಅರ್ಧವಿರಾಮವನ್ನು ಇಟ್ಟುಕೊಳ್ಳಲಿ, ಬೇಡವೆಂದಾದರೆ ಬಿಡಲಿ. ಇಟ್ಟುಕೊಳ್ಳುವುದಾದರೆ, ಇಂಗ್ಲಿಷಿನಲ್ಲಿ ಈ ಗುರುತಿನ ಕೆಲಸವೇ ಬೇರೆ ಎಂಬ ಒಂದು ಸಾಲನ್ನು ಅದೇ ಪುಟದಲ್ಲಿ ಸೇರಿಸಲಿ. ಮಲಾಡ್‌ನ ಆ ಕೆಂಪು ಬಣ್ಣ ಮೊದಲು ಬೀಳಬೇಕಾದದ್ದು ಆ ಪುಟದ ಮೇಲೆ.